ಎದುರಾಳಿಗೆ ನೀರೆರೆದ ಮೇಷ್ಟ್ರು

ವೆಂಗ್ ಚೀಚಾಂಗ್ ಮೇಷ್ಟ್ರಿಗೆ ಹೆಂಡತಿ ಸಿಕ್ಕಿದ್ದೇ ಎದುರಾಳಿಯ ಪರವಾಗಿ ಮಾತಾಡಿದ್ದರಿಂದ. ಹೆಣ್ಣು ಕೇಳಲು ಹೋದ ದಿನ ಬೀಶ್ಯಾಳ ಅಪ್ಪ, ಬಂದರಿನಲ್ಲಿ ಹಡಗಿನ ಸರಕು ಇಳಿಸುತ್ತಿದ್ದ ದಪ್ಪ ಕುತ್ತಿಗೆಯ ಮನುಷ್ಯ, ಚಹಾದ ಬಟ್ಟಲನ್ನು ಬಂದವರ ಮುಂದಿಡದೆ ತನ್ನ ಕಡೆಗೇ ಎಳೆದುಕೊಂಡು ಕೂತಿದ್ದನಂತೆ. ಮೇಷ್ಟ್ರ ಸಂಬಳದಲ್ಲಿ ಸಂಸಾರ ಸಾಗುವುದಿಲ್ಲ, ಕೊಕ್ಕರೆ ಬೆಟ್ಟದ ಮೇಲಿನ ಮನೆಗೆ ಹೋದ ಹುಡುಗಿ ಮೆಟ್ಟಿಲು ಹತ್ತಿಯೇ ಸಾಯುತ್ತಾಳೆ ಎಂದು ಅವನ ಆಕ್ಷೇಪ. ವೆಂಗ್ ಸ್ವಲ್ಪ ಹೊತ್ತು ಯೋಚಿಸಿ, "ನೀವು ಹೇಳೋದು ಸರಿ. ಆದ್ರೆ ಇನ್ನೂ ಎರಡು ವಿಷಯ ಬಿಟ್ಟುಬಿಟ್ರಿ" ಎಂದು ತಮ್ಮ ತಾಯಿಯ ಮುಂಗೋಪವನ್ನೂ, ತಮಗೆ ಒಂದು ಮೊಟ್ಟೆ ಬೇಯಿಸಲೂ ಬಾರದ್ದನ್ನೂ ತಾವಾಗಿಯೇ ಸೇರಿಸಿದರು. ತಾನು ಆಡಬೇಕಾದ ಮಾತನ್ನೆಲ್ಲ ಬಂದ ಗಂಡೇ ಆಡಿ ಮುಗಿಸಿದ ಮೇಲೆ ಆ ಮನುಷ್ಯನ ಬಾಯಲ್ಲಿ ಉಳಿದದ್ದು ಒಪ್ಪಿಗೆ ಒಂದೇ. ಚಹಾದ ಬಟ್ಟಲು ಮುಂದಕ್ಕೆ ಬಂತು.

ಗೆದ್ದ ಆಯುಧವನ್ನು ಯಾರು ತಾನೇ ಕೆಳಗಿಡುತ್ತಾರೆ? ಮೇಷ್ಟ್ರು ಅದನ್ನೇ ಹಿಡಿದುಕೊಂಡು ಇಡೀ ನೌಕರಿ ಮುಗಿಸಿದರು. ಮಾಧ್ಯಮಿಕ ಶಾಲೆಯಲ್ಲಿ ಪೌರನೀತಿ ಹೇಳುತ್ತಿದ್ದರು. ಚರ್ಚಾಸ್ಪರ್ಧೆ ನಡೆದರೆ, ಸೋಲುತ್ತಿರುವ ತಂಡದ ಪಕ್ಕಕ್ಕೆ ತಮ್ಮ ಕುರ್ಚಿ ಎಳೆದುಕೊಂಡು ಹೋಗಿ ಕೂತು ಅವರ ಕಿವಿಯಲ್ಲಿ ಪಾಯಿಂಟು ಹೇಳಿಕೊಡುವುದು ಅವರ ಪದ್ಧತಿ. ಮಕ್ಕಳು ದಡ್ಡರಲ್ಲ. ಸೋತವರಿಗೆ ಮೇಷ್ಟ್ರು ಸಿಗುತ್ತಾರೆ ಎಂದು ತಿಳಿದ ಮೇಲೆ ಎರಡೂ ತಂಡದವರು ಸೋಲಲು ಪೈಪೋಟಿ ನಡೆಸಿದರು. ಅದರಲ್ಲೂ ಮೇಷ್ಟ್ರಿಗೆ ಏನೋ ಒಂದು ನೀತಿ ಕಂಡಿತ್ತು.

ನಿವೃತ್ತಿಯ ನಂತರ ಈ ಗುಣಕ್ಕೆ ಮನೆಯೊಂದೇ ಬಯಲಾಯಿತು. ಉಪ್ಪಿನ ಡಬ್ಬಿ ಒಲೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ತಾವೇ ಪ್ರಶ್ನೆ ಎತ್ತಿ, ಎರಡೂ ಕಡೆ ತಾವೇ ವಾದಿಸಿ, ತೀರ್ಪು ಮಾತ್ರ ಬೀಶ್ಯಾಳಿಗೆ ಬಿಡುತ್ತಿದ್ದರು. ಮಾರುಕಟ್ಟೆಯ ಮಹಡಿಯಲ್ಲಿ ಬಟ್ಟೆ ರಿಪೇರಿಯ ಹೊಲಿಗೆ ಯಂತ್ರ ತುಳಿದು ಬೆನ್ನು ಬಾಗಿಸಿಕೊಂಡು ಬಂದವಳು ಅವಳು. ಊರಿನ ಆಡಳಿತದವರು 'ಕೂಡುಮಾತು' ಎಂಬ ಆನ್‌ಲೈನ್ ಚರ್ಚೆಯ ಜಾಗ ತೆರೆದಿದ್ದಾರೆಂದು ಕೇಳಿದ್ದೇ, ಗಂಡನ ಫೋನು ಕಸಿದುಕೊಂಡು ಅವರ ಹೆಸರನ್ನು ತಾನೇ ನೋಂದಾಯಿಸಿದಳು.

"ಹೋಗಿ ಮೇಷ್ಟ್ರೇ. ವಾದ ಮಾಡೋಕೆ ಸರ್ಕಾರದೋರೇ ಜಾಗ ಮಾಡಿಕೊಟ್ಟಿದಾರೆ. ನನ್ನ ಉಪ್ಪಿನ ಡಬ್ಬಿ ತಂಟೆಗೆ ಮಾತ್ರ ಬರಬೇಡಿ."

ಕೂಡುಮಾತಿನಲ್ಲಿ ಚರ್ಚೆ ಒಂದು ಮರದ ಹಾಗೆ ಕಾಣುತ್ತದೆ. ಕಾಂಡದಲ್ಲಿ ಊರಿನವರು ಕೇಳಿದ ಪ್ರಶ್ನೆ. ಬಲಕ್ಕೆ ಪರವಾದ ಕೊಂಬೆಗಳು, ಎಡಕ್ಕೆ ವಿರೋಧದವು. ಯಾರು ಬೇಕಾದರೂ ಒಂದು ಕೊಂಬೆ ಸೇರಿಸಬಹುದು. ಓದಿದವರು ಒಪ್ಪಿಗೆ ಒತ್ತಬಹುದು, ಒಪ್ಪಲ್ಲ ಒತ್ತಬಹುದು, ಗೊತ್ತಿಲ್ಲ ಅಂತಲೂ ಒತ್ತಬಹುದು. ಬರೆದವನ ಹೆಸರು ಕಾಣುವುದಿಲ್ಲ, ಅವನಿಗೆ ತಿರುಗಿ ಬೈಯಲು ದಾರಿಯೂ ಇಲ್ಲ. ಮೊದಮೊದಲು ನಮ್ಮ ಬೆಟ್ಟದವರಿಗೆ ಇದರಿಂದ ಭಾರಿ ನಿರಾಸೆಯಾಯಿತು. ಬೈಯಲಾಗದ ಮೇಲೆ ಚರ್ಚೆ ಯಾತಕ್ಕೆ?

ಮರ ಕಾಡಾಗದಂತೆ ಸವರಲು ಸಂಬಳವಿಲ್ಲದ ಸ್ವಯಂಸೇವಕರಿದ್ದರು. ಅವರನ್ನು ಮಾಲಿಗಳೆಂದು ಕರೆಯುತ್ತಿದ್ದರು. ಮೇಷ್ಟ್ರು ಬಹುಬೇಗ ಮಾಲಿಗಳಿಗೇ ಪಾಠ ಹೇಳುವ ಹಿರಿಯ ಮಾಲಿಯಾದರು. ಒಂದು ಕೊಂಬೆಯಲ್ಲಿ ಒಂದೇ ವಿಚಾರ. ವ್ಯಕ್ತಿಯ ಹೆಸರಿರಬಾರದು. ನನ್ನ ಅತ್ತೆಗೆ ಹೀಗಾಯಿತು, ನನ್ನ ಮಗುವಿಗೆ ಹಾಗಾಯಿತು ಎಂಬ ಗೋಳು ಬಂದರೆ ಅದನ್ನು ಮರದ ಬುಡದಲ್ಲಿರುವ 'ಅನುಭವಗಳು' ಎಂಬ ಬುಟ್ಟಿಗೆ ಹಾಕಬೇಕು. "ಕಣ್ಣೀರಿಗೆ ಕೊಂಬೆಯಿಲ್ಲ, ಬುಟ್ಟಿಯಿದೆ" ಎಂಬುದು ಮೇಷ್ಟ್ರೇ ಕಟ್ಟಿದ ಮಾತು. ಆ ಬುಟ್ಟಿಯನ್ನು ಬಗ್ಗಿ ನೋಡುವವರು ಕಡಿಮೆ. ಎಲ್ಲಕ್ಕಿಂತ ಅವರಿಗೆ ಪ್ರಿಯವಾದ ನಿಯಮ ಇನ್ನೊಂದಿತ್ತು: ಮರದ ಒಂದು ಕಡೆ ಒಣಗಿದರೆ ಮಾಲಿಯಾದವನು ಅದಕ್ಕೆ ನೀರೆರೆಯಬೇಕು. ಎಂದರೆ ಆ ಕಡೆಯವರು ಹೇಳಬಹುದಾಗಿದ್ದ ಅತ್ಯುತ್ತಮ ವಾದವನ್ನು ತಾನೇ ಬರೆದುಕೊಡಬೇಕು, ತನಗೆ ಅದು ಒಪ್ಪಿಗೆಯಿರಲಿ ಬಿಡಲಿ. ಹಳೆಯ ಕುರ್ಚಿ ಎಳೆಯುವ ಕೆಲಸವೇ. ಅದಕ್ಕೆ ಈಗ ಕಂಪ್ಯೂಟರು ಬಂದಿತ್ತು, ಅಷ್ಟೆ.

ಈ ನಡುವೆ ಬೀಶ್ಯಾಳ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಬೆಳಿಗ್ಗೆ ಕೆಳಗಿನ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ರಕ್ತ ತೊಳೆಸಿಕೊಳ್ಳಬೇಕು. ಹೋಗುವಾಗ ಮಾತಾಡಿಕೊಂಡು ಹೋಗುವವಳು ಬರುವಾಗ ಹಿಂಡಿ ಹಾಕಿದ ಬಟ್ಟೆ. ಒಮ್ಮೆ ಸ್ಕೂಟರಿನ ಹಿಂದೆ ಕೂತವಳು ತಿರುವಿನಲ್ಲಿ ಕೈಬಿಟ್ಟು ವಾಲಿದಳು. ಅಂದಿನಿಂದ ಸ್ಕೂಟರು ಬೇಡವೆಂದಾಯಿತು. ಟ್ಯಾಕ್ಸಿಯವರು ಕೊಕ್ಕರೆ ಬೆಟ್ಟ ಎಂದರೆ ಮೀಟರಿಗಿಂತ ಮೊದಲು ಮುಖ ತಿರುಗಿಸುತ್ತಾರೆ. ಉಳಿದದ್ದು ನಮ್ಮ ಗಿಡ್ಡ ಬಸ್ಸು.

ಆ ಬಸ್ಸು ಬೆಟ್ಟದ ಹಿಂಬದಿಯ ಸುತ್ತುರಸ್ತೆಯಲ್ಲಿ ಏದುಸಿರು ಬಿಡುತ್ತ ಹತ್ತಿ, ಬೆಟ್ಟದ ನೆಲ ಕಾಯುವ ದೇವರು ನೆಲದಜ್ಜನ ಗುಡಿಯ ಮುಂದೆ ನಿಲ್ಲುತ್ತಿತ್ತು. ಅಲ್ಲಿಂದ ಮೇಷ್ಟ್ರ ಮನೆಗೆ ಒಂದೇ ಒಂದು ಮೆಟ್ಟಿಲೂ ಇಲ್ಲದ ಸಮತಟ್ಟು ದಾರಿ. ಚಾಲಕ ಆಯುವಾನ್ ಅಡಿಕೆ ಜಗಿದು ಕೆಂಪಾದ ಬಾಯಿಯ, ಕಡಿಮೆ ಮಾತಿನ ಮನುಷ್ಯ. ಮುಂದಿನ ಸೀಟಿನ ಮೇಲೆ ಒಂದು ಹೂವಿನ ದಿಂಬು ಇಟ್ಟಿದ್ದ. ಬೇರೆ ಯಾರಾದರೂ ಕೂರಲು ಹೋದರೆ ಅದು ಒದ್ದೆಯಾಗಿದೆ ಎನ್ನುತ್ತಿದ್ದ. ರಕ್ತ ತೊಳೆಯುವುದು ಇಷ್ಟೇ ಹೊತ್ತಿಗೆ ಮುಗಿಯುತ್ತದೆಂದು ಹೇಳಲಾಗದು. ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲದಿದ್ದರೆ, ತಲೆ ಸುತ್ತಿದರೆ, ಕಾಯಬೇಕು. ಆಯುವಾನ್ ಕಾಯುತ್ತಿದ್ದ. ವೇಳಾಪಟ್ಟಿ ಮೀರಿ ಬಸ್ಸು ನಿಲ್ಲಿಸುವುದು ಅವನ ಕೆಲಸಕ್ಕೆ ಕುತ್ತು ತರುವ ತಪ್ಪು. ಕೇಳಿದರೆ, ಬಾಗಿಲು ಸಿಕ್ಕಿಕೊಂಡಿದೆ ಎಂದು ಬಾಗಿಲನ್ನು ಎರಡು ಸಲ ಒದೆಯುತ್ತಿದ್ದ. ನಮ್ಮ ಬಸ್ಸಿನ ಬಾಗಿಲು ವಾರಕ್ಕೆ ಮೂರು ದಿನ ಸಿಕ್ಕಿಕೊಳ್ಳುತ್ತಿತ್ತು. ಬೆಟ್ಟದವರು ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಹೀಗಿರುವಾಗ ಕೂಡುಮಾತಿನಲ್ಲಿ ಹೊಸ ಮರ ನೆಟ್ಟರು. ಕೊಕ್ಕರೆ ಬೆಟ್ಟದ ಬಸ್ಸನ್ನು ನಿಲ್ಲಿಸಿ, ಅದರ ಬದಲು ಫೋನಿನಲ್ಲಿ ಮೊದಲೇ ಹೇಳಿ ಕರೆಸಿಕೊಳ್ಳುವ ಕಾರು ಕೊಡಬಹುದೇ?

ಬಸ್ಸು ಉಳಿಯಲಿ ಎನ್ನುವ ಕಡೆ ಒಂದು ವಾರದಲ್ಲಿ ಮರ ಬಾಗುವಷ್ಟು ಎಲೆ ಬಿಟ್ಟಿತು. ಅದರಲ್ಲಿ ಅರ್ಧ ಬೈಗುಳ. ಮಾಲಿಗಳು ಸವರಿ ಸವರಿ ಸುಸ್ತಾದರು. ಬಸ್ಸು ನಿಲ್ಲಲಿ ಎನ್ನುವ ಕಡೆ ಒಂದೇ ಒಂದು ಕಡ್ಡಿ: "ಬಸ್ಸು ಖಾಲಿ ಓಡುತ್ತೆ, ದಂಡ." ಮೇಷ್ಟ್ರಿಗೆ ಆ ಕಡ್ಡಿಯನ್ನು ನೋಡಿ ನಿಜವಾಗಿಯೂ ಕನಿಕರವಾಯಿತು. ಸೋಲುವ ತಂಡದ ಮೂಲೆಯಲ್ಲಿ ಒಬ್ಬನೇ ಹುಡುಗ ಕೂತಂತೆ ಕಂಡಿತು. ತಮ್ಮ ಹೆಂಡತಿಯ ಜೀವ ಆ ಬಸ್ಸಿನಲ್ಲಿ ಓಡಾಡುತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದರಿಂದಲೇ ಮನಸ್ಸು ಚುಚ್ಚಿತು: ನನ್ನ ಸ್ವಾರ್ಥ ಇರುವ ಕಡೆಯೇ ನಾನು ನಿಯಮ ಮುರಿದರೆ ಮಿಕ್ಕ ಮಾಲಿಗಳಿಗೆ ಯಾವ ಬಾಯಲ್ಲಿ ಪಾಠ ಹೇಳಲಿ? ಅಲ್ಲದೆ ಇಷ್ಟು ಜನ ಬಸ್ಸಿನ ಪರ ಇರುವಾಗ ಒಂದು ಚೆಂಬು ನೀರಿನಿಂದ ಏನಾಗುತ್ತದೆ?

ಆ ದಿನ ಮಳೆ. ನಮ್ಮಲ್ಲಿ ಮಳೆ ಬಾರದ ದಿನವನ್ನೇ ಹೇಳಬೇಕು, ಆದರೆ ಅಂದಿನದು ಅಡ್ಡ ಹೊಡೆಯುವ ಮಳೆ. ಕಿಟಕಿಯಿಂದ ನೋಡಿದರೆ ಬೀಶ್ಯಾ ಬಸ್ಸಿಳಿದು, ಗುಡಿಯ ಕಂಬ ಹಿಡಿದು, ಕೊಡೆ ಬಿಚ್ಚಲಾಗದೆ ನಿಂತಿದ್ದಳು. ಮೇಷ್ಟ್ರು ಓಡಿಹೋಗಿ ಕರೆತಂದು ಮಲಗಿಸಿ, ಬಂದು ಕೂತು ಬರೆದರು:

"ಖಾಲಿ ಬಸ್ಸು ಎಲ್ಲರಿಗಾಗಿ ಓಡುತ್ತದೆ, ಆದ್ದರಿಂದ ಯಾರಿಗಾಗಿಯೂ ಓಡುವುದಿಲ್ಲ. ನಿಲ್ಲಲು ಶಕ್ತಿಯಿಲ್ಲದವರು ಮಳೆಯಲ್ಲಿ ನಿಲ್ದಾಣದವರೆಗೆ ಯಾಕೆ ನಡೆಯಬೇಕು? ಗಟ್ಟಿಮುಟ್ಟಾದವರ ಅನುಕೂಲಕ್ಕೆ ಓಡುವ ಬಸ್ಸಿನ ಬದಲು, ಬಳಲಿದವರ ಬಾಗಿಲಿಗೇ ಗಾಡಿ ಬರಲಿ."

ಚೆನ್ನಾಗಿ ಬಂತು. ಅದೇ ಅನಾಹುತ. ಎಷ್ಟೋ ವರ್ಷದಿಂದ ಮೇಷ್ಟ್ರು ಬರೆದದ್ದರಲ್ಲೆಲ್ಲ ಅದೊಂದೇ ಹೃದಯದಿಂದ ಬಂದದ್ದು.

ಎರಡು ದಿನದಲ್ಲಿ ಆ ಕೊಂಬೆ ಇಡೀ ಊರಿನ ಕಣ್ಣಿಗೆ ಬಿತ್ತು. ಕೊಕ್ಕರೆ ಬೆಟ್ಟ ಎಲ್ಲಿದೆಯೆಂದು ಗೊತ್ತಿಲ್ಲದವರೂ ಒಪ್ಪಿಗೆ ಒತ್ತಿದರು. ಬೆಟ್ಟದವರೂ ಒತ್ತಿದರು. ಬಳಲಿದವರ ಬಾಗಿಲಿಗೆ ಗಾಡಿ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಬೀಶ್ಯಾ ಮಂಚದ ಮೇಲೆ ಒರಗಿಕೊಂಡು ಫೋನಿನಲ್ಲಿ ಅದನ್ನು ಗಟ್ಟಿಯಾಗಿ ಓದಿದಳು. ಒಂದು ಸಲ ಓದಿ, ಮತ್ತೊಂದು ಸಲ ಓದಿದಳು.

"ಯಾರೋ ಪುಣ್ಯಾತ್ಮ ಬರ್ದಿದಾನೆ," ಎಂದಳು. "ಮಳೇಲಿ ನಿಂತವರ ಕಷ್ಟ ಗೊತ್ತಿರೋನು."

ಮೇಷ್ಟ್ರು ಗೋಡೆಯ ಕಡೆ ತಿರುಗಿ, ಅದಕ್ಕೆ ವಿರೋಧವಾಗಿಯೂ ಹೇಳಬಹುದಲ್ಲ ಎಂದು ಗೊಣಗಿದರು. ಬೀಶ್ಯಾ ಒಪ್ಪಿಗೆ ಒತ್ತಿ, ಫೋನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ತಿಂಗಳ ಕೊನೆಗೆ ಬಸ್ಸು ನಿಲ್ಲುತ್ತದೆ ಎಂಬ ಪ್ರಕಟಣೆ ಬಂತು. ಅಂತಿಮ ಆದೇಶಕ್ಕೆ ಮೊದಲು ಒಂದು ಮುಖಾಮುಖಿ ಸಭೆ, ಅಷ್ಟೇ ಬಾಕಿ. ಕಾರು ಆಗಲೇ ಓಡತೊಡಗಿತ್ತು. ನೋಡೋಣವೆಂದು ಮೇಷ್ಟ್ರು ಕರೆಸಿದರು. ಬಿಳಿಯ ಚೊಕ್ಕ ಕಾರು ಬೆಟ್ಟದ ಬುಡದ ಓಣಿಗೆ ಬಂದು ನಿಂತು, ನಿಮ್ಮ ಮನೆಬಾಗಿಲಿಗೆ ಬಂದಿದ್ದೇನೆ ಎಂದು ಚಾಲಕ ಫೋನು ಮಾಡಿದ. ತಪ್ಪು ಅವನದಲ್ಲ. ನಮ್ಮ ಬೆಟ್ಟದ ಮನೆಗಳ ನಂಬರು ಮೆಟ್ಟಿಲು ಶುರುವಾಗುವ ಕೆಳಗಿನ ಓಣಿಯ ಲೆಕ್ಕಕ್ಕೆ ಸೇರಿದೆ, ಮುತ್ತಜ್ಜನ ಕಾಲದಿಂದ. ನಕ್ಷೆಗೆ ನಮ್ಮ ಬಾಗಿಲೆಂದರೆ ಆ ಓಣಿಯೇ. ನಡುವೆ ಒಂದು ಬೆಟ್ಟವಿದೆ ಎಂಬುದು ಅದಕ್ಕೆ ತಿಳಿಯದು. ಹಿಂಬದಿಯ ಸುತ್ತುರಸ್ತೆಗೆ ಬಾ ಎಂದರೆ, ಅದು ಬೇರೆ ವಿಳಾಸ, ನೋಂದಾಯಿಸಿದ ಮನೆಯ ವಿಳಾಸಕ್ಕೆ ಮಾತ್ರ ಬುಕಿಂಗು.

ಇಳಿಯುವುದು ಹೇಗೋ ಆಯಿತು. ವಾಪಸು ಬರುವಾಗ ಬೀಶ್ಯಾಳ ತೋಳಿನಲ್ಲಿ ರಕ್ತ ನಿಲ್ಲಲಿಲ್ಲ. ನರ್ಸು ಹತ್ತಿ ಒತ್ತಿ ಹಿಡಿದು ಕೂತಿದ್ದಳು. ಹೊರಗೆ ಕಾರಿನವನು ನಿಯಮದಷ್ಟು ಹೊತ್ತು ಕಾದು ಹೊರಟುಹೋದ. ಅವನಿಗೆ ಮುಂದಿನ ಕರೆ ಇತ್ತು. ಎರಡನೆಯ ಸಲವೂ ಹಾಗೆಯೇ ಆಯಿತು. ಮತ್ತೊಮ್ಮೆ ಗಾಡಿ ತಪ್ಪಿಸಿಕೊಂಡರೆ ಕೆಲ ಕಾಲ ನಿಮಗೆ ಗಾಡಿ ಕೊಡಲಾಗದು ಎಂದು ಫೋನಿನಲ್ಲಿ ಸಂದೇಶ ಬಂತು, ಕೊನೆಯಲ್ಲಿ ಕೈಮುಗಿದ ಚಿತ್ರದ ಸಮೇತ. ಎರಡು ಸಲವೂ ಅವರನ್ನು ಮನೆ ಮುಟ್ಟಿಸಿದ್ದು ಇನ್ನೂ ಉಳಿದಿದ್ದ ಆಯುವಾನ್‌ನ ಗಿಡ್ಡ ಬಸ್ಸು. ಬಾಗಿಲು ಸಿಕ್ಕಿಕೊಂಡಿತ್ತಂತೆ.

ಮೇಷ್ಟ್ರು ಮನೆಗೆ ಬಂದವರೇ ಆ ಕೊಂಬೆಯನ್ನು ಕಡಿಯಲು ಕೂತರು. ಆಗಲಿಲ್ಲ. ಬೇರೆಯವರು ಒಪ್ಪಿದ ಕೊಂಬೆ ಮರದ್ದಾಗುತ್ತದೆ, ನೆಟ್ಟವನದ್ದಲ್ಲ. ಇದೂ ಅವರೇ ಹಟ ಹಿಡಿದು ಮಾಡಿಸಿದ ನಿಯಮ. ಸರಿ, ವಿರೋಧ ಬರೆಯೋಣವೆಂದು ಬರೆದರು. ಒಬ್ಬ ರೋಗಿಯ ತೋಳು, ಹತ್ತಿ, ಹೊರಟುಹೋದ ಕಾರು, ಮೆಟ್ಟಿಲು, ಎಲ್ಲವೂ ಒಂದೇ ಉಸಿರಿನಲ್ಲಿ. ಊಟ ಮಾಡಿ ಬಂದು ನೋಡಿದರೆ ಅದು ಮರದ ಮೇಲೆ ಇರಲಿಲ್ಲ. ಬುಟ್ಟಿಯಲ್ಲಿ ಬಿದ್ದಿತ್ತು.

ಹಾಕಿದವಳು ಯಿಜೆನ್. ಹಿಂದೆ ಅವರ ಶಿಷ್ಯೆ, ಈಗ ಅವರೇ ತಯಾರು ಮಾಡಿದ ಚುರುಕಾದ ಮಾಲಿ. ಮೇಷ್ಟ್ರು ಫೋನು ಹಚ್ಚಿದರು.

"ಯಿಜೆನ್, ಬಸ್ಸಿನ ಮರದಲ್ಲಿ ಈಗ ಬುಟ್ಟಿಗೆ ಹಾಕಿದ್ಯಲ್ಲ, ಅದು ಯಾಕೆ?"

"ಒಂದರಲ್ಲಿ ನಾಲ್ಕು ವಿಚಾರ ಇತ್ತು ಸರ್. ಮೇಲಾಗಿ ಬರೀ ಗೋಳು. ಕಣ್ಣೀರಿಗೆ ಕೊಂಬೆಯಿಲ್ಲ, ಅಲ್ವಾ ಸರ್?"

"ಅದನ್ನ ಬರೆದೋನು ನಾನು."

"ನೀವಾ ಸರ್?"

"ಅದು ಮಾತ್ರ ಅಲ್ಲ," ಎಂದರು ಮೇಷ್ಟ್ರು. "ಆ ಖಾಲಿ ಬಸ್ಸಿನದೂ ನಾನೇ."

"ಸರ್, ಅದನ್ನ ನಾನು ಹೊಸ ಮಾಲಿಗಳಿಗೆ ಮಾದರಿ ಅಂತ ತೋರಿಸ್ತಾ ಇದೀನಿ. ಎದುರಾಳಿಗೆ ಹೀಗೆ ನೀರೆರೀಬೇಕು ಅಂತ." ಆಮೇಲೆ ದನಿ ಇಳಿಸಿ, "ಬೀಶ್ಯಾ ಅಮ್ಮನಿಗೆ ಗೊತ್ತಾ?" ಎಂದಳು.

ಮೇಷ್ಟ್ರು ಫೋನು ಇಟ್ಟರು.

ಮುಂದಿನ ದಿನಗಳಲ್ಲಿ ಅವರು ಮಾಡಿದ್ದನ್ನು ನೆನೆದರೆ ನಗುವುದೋ ಅಳುವುದೋ ತಿಳಿಯದು. ಕೊಡೆ ಹಿಡಿದು ಮನೆಮನೆ ಹತ್ತಿದರು, ಒತ್ತಿದ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು. ಹಾಗೆ ತೆಗೆಯಲು ಅವಕಾಶವಿದೆ, ತೆಗೆಯಲು ಮನಸ್ಸು ಬೇಕು. ಬಾಗಿಲು ತೆರೆದವರೆಲ್ಲ ಮೇಷ್ಟ್ರನ್ನು ಕೂರಿಸಿ, ಚಹಾ ಕೊಟ್ಟು, ಬಳಲಿದವರ ಬಾಗಿಲಿಗೆ ಗಾಡಿ ಬರುವುದು ಎಷ್ಟು ದೊಡ್ಡ ವಿಷಯ ಎಂದು ಅವರಿಗೇ ತಿಳಿಹೇಳಿದರು. ನಿಮ್ಮ ಮನೆಯವರಿಗಾಗಿಯೇ ನಾವು ಒತ್ತಿದ್ದು ಎಂದರು. ಮೀನುಂಡೆ ಸಾರು ಮಾರುವ ಮುದುಕಿಯಂತೂ, ಬಸ್ಸಿನ ಪರ ನೀವು ಹೇಳುವುದರಲ್ಲಿ ತಿರುಳಿಲ್ಲ ಮೇಷ್ಟ್ರೇ, ಆ ಬರೆದವನನ್ನು ನೋಡಿ ಕಲಿಯಿರಿ ಎಂದು ಬುದ್ಧಿ ಹೇಳಿ, ಒಂದು ಬಟ್ಟಲು ಸಾರು ಬಿಟ್ಟಿ ಕೊಟ್ಟಳು. ಮೇಷ್ಟ್ರು ಪ್ರತಿ ಮನೆಯಲ್ಲೂ ತಮ್ಮದೇ ವಾದಕ್ಕೆ ಸೋತು ಮೆಟ್ಟಿಲಿಳಿದರು.

ಕೊನೆಗೆ ನೆಲದಜ್ಜನ ಮುಂದೆ ನಿಂತರು. ಪೌರನೀತಿಯ ಮೇಷ್ಟ್ರು ಗುಡಿಯೊಳಗೆ ಬಂದದ್ದನ್ನು ನಮ್ಮಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಊದುಬತ್ತಿ ಹಚ್ಚಿ, ದೇವರ ಉತ್ತರ ಕೇಳಲು ಗುಡಿಯಲ್ಲಿಟ್ಟಿರುವ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಅಂಗೈಯಲ್ಲಿ ಹಿಡಿದು, ಬಸ್ಸು ಉಳಿಯುತ್ತದೆಯೇ ಅಜ್ಜ ಎಂದು ಕೇಳಿ ನೆಲಕ್ಕೆ ಬಿಟ್ಟರು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಹೌದು. ಎರಡೂ ಮಗುಚಿದರೆ ಇಲ್ಲ. ಎರಡೂ ಅಂಗಾತ ಬಿದ್ದವು. ಎಂದರೆ ಅಜ್ಜ ನಗುತ್ತಿದ್ದಾನೆ ಎಂದು ಅರ್ಥ. ಮತ್ತೆ ಎಸೆದರು, ಮತ್ತೆ ನಗು. ದೇವರೂ 'ಗೊತ್ತಿಲ್ಲ' ಒತ್ತಿದ ಮೇಲೆ ಮೇಷ್ಟ್ರು ತುಂಡುಗಳನ್ನು ಒರೆಸಿ ಇದ್ದಲ್ಲೇ ಇಟ್ಟು, ಚಪ್ಪಲಿ ಹುಡುಕಿಕೊಂಡು ಹೊರಟರು.

ಸಭೆ ನಡೆದದ್ದು ಕೆಳಗಿನ ಊರಿನ ಸಭಾಭವನದಲ್ಲಿ. ಅಲ್ಲಿ ಆಡಿದ ಮಾತೆಲ್ಲ ನೇರ ಪ್ರಸಾರವಾಗುತ್ತದೆ, ಅಕ್ಷರಕ್ಕೆ ಅಕ್ಷರ ದಾಖಲಾಗುತ್ತದೆ. ರಕ್ತ ತೊಳೆಯುವ ದಿನವಲ್ಲವಾದ್ದರಿಂದ ಬೀಶ್ಯಾ ತಾನೂ ಬರುತ್ತೇನೆಂದಳು. ಬೇಡವೆಂದು ಮೇಷ್ಟ್ರು ಪರಿಪರಿಯಾಗಿ ಹೇಳಿದರೂ ಕೇಳದೆ, ಹಬ್ಬದ ಕೋಟು ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಳು.

ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಆ ಕೊಂಬೆ. ಸಾರಿಗೆಯ ಅಧಿಕಾರಿ ತೆಳ್ಳನೆಯ, ಸಭ್ಯ ಯುವಕ. ಊರಿನ ಚರ್ಚೆಗಳಲ್ಲಿಯೇ ಇಷ್ಟು ಮಾನವೀಯವಾದ ವಾದ ನೋಡಿರಲಿಲ್ಲವೆಂದು ಹೇಳಿದ. ಮೇಷ್ಟ್ರ ಸರದಿ ಬಂತು. ಎದ್ದು ನಿಂತು ಮೈಕು ಹಿಡಿದರು.

"ಅದನ್ನ ಬರೆದದ್ದು ನಾನು. ತಪ್ಪು ಮಾಡಿದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಅಧಿಕಾರಿ ನಗಲಿಲ್ಲ, ರೇಗಲಿಲ್ಲ. "ಸರ್, ಬರೆದೋರು ಯಾರು ಅನ್ನೋದು ನಮಗೆ ಮುಖ್ಯ ಅಲ್ಲ. ವಿಚಾರಕ್ಕೆ ಉತ್ತರ ಕೊಡಬೇಕು, ವ್ಯಕ್ತಿಗಲ್ಲ. ನೀವು ಮಾಲಿಗಳಿಗೆ ಹೇಳಿಕೊಟ್ಟದ್ದೇ ಅಂತ ಕೇಳಿದೀನಿ. ಇದರಲ್ಲಿ ಯಾವ ಭಾಗ ತಪ್ಪು ಅಂತ ಹೇಳಿ, ತಿದ್ದಿಕೊಳ್ತೀವಿ."

ಮೇಷ್ಟ್ರು ಮನೆ ನಂಬರಿನ ಕತೆ ಹೇಳಿದರು. ಅಧಿಕಾರಿ ಬರೆದುಕೊಂಡ. ಬಹಳ ಉಪಯುಕ್ತವಾದ ವಿಷಯ, ಮುಂದಿನ ಹಂತದಲ್ಲಿ ನಕ್ಷೆ ಸರಿಪಡಿಸುತ್ತೇವೆ ಎಂದ. ಕಾರು ಕಾಯುವುದಿಲ್ಲ ಎಂದರು. ಅದಕ್ಕೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಬಸ್ಸು ಕಾಯ್ತಿತ್ತಾ ಸರ್?"

ಮೇಷ್ಟ್ರ ಬಾಯಿ ತೆರೆಯಿತು. ಕಾಯುತ್ತಿತ್ತು. ಅದೊಂದೇ ಆ ಬಸ್ಸಿಗಿದ್ದ ವಾದ, ಮತ್ತು ಅದು ಗೆಲ್ಲುವ ವಾದ. ಆದರೆ ಆ ಕೊಂಬೆ ಬೆಳೆಯಬೇಕಾದ್ದು ಆಯುವಾನ್‌ನ ಹೊಟ್ಟೆಯ ಮೇಲೆ. ಕ್ಯಾಮೆರಾ ನೋಡುತ್ತಿತ್ತು. ಅಕ್ಷರ ಬರೆದುಕೊಳ್ಳುವ ಹುಡುಗಿ ಬೆರಳೆತ್ತಿ ಕಾದಿದ್ದಳು. ತಿಂಗಳು ಕಳೆದ ಮೇಲೆ ಬಂದರಿನ ಮಾರ್ಗಕ್ಕೆ ಹೋಗಲು ಆಯುವಾನ್‌ಗೆ ಆಗಲೇ ವರ್ಗದ ಆದೇಶ ಬಂದಿತ್ತು, ಕೆಲಸವಾದರೂ ಉಳಿದಿತ್ತು.

"ಇಲ್ಲ," ಎಂದರು ಮೇಷ್ಟ್ರು. "ಬಸ್ಸು ವೇಳೆಗೆ ಸರಿಯಾಗಿ ಹೊರಡ್ತಿತ್ತು."

"ಹಾಗಾದ್ರೆ ಆ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ ಅಲ್ವಾ?"

ಇಲ್ಲಿಗೆ ನಿಲ್ಲಿಸಿದ್ದರೆ ಸೋಲು ಸಾದಾ ಸೋಲಾಗಿರುತ್ತಿತ್ತು. ಆದರೆ ಎದುರಿಗಿರುವವನ ಮಾತಿನಲ್ಲಿ ನ್ಯಾಯ ಕಂಡರೆ ಸುಮ್ಮನಿರುವುದು ಮೇಷ್ಟ್ರ ರಕ್ತದಲ್ಲಿಲ್ಲ. ಮಾವನ ಮನೆಯ ಚಹಾದ ಬಟ್ಟಲು ಮುಂದಕ್ಕೆ ಬಂದದ್ದು ಎಲ್ಲೋ ಒಳಗೆ ನೆನಪಿತ್ತೋ ಏನೋ. ಕಂಗಾಲಾಗಿದ್ದ ಆ ಮನುಷ್ಯನ ಬಾಯಿಂದ ಬಂದದ್ದು ಇದು: "ಇಲ್ಲ. ನಿಮ್ಮ ಕಡೆ ಇನ್ನೂ ಒಂದು ವಿಷಯ ಇದೆ, ನೀವು ಬಿಟ್ಟುಬಿಟ್ರಿ. ಮಳೆಗಾಲದಲ್ಲಿ ಆ ಸುತ್ತುರಸ್ತೆಲಿ ಮಣ್ಣು ಕುಸಿಯತ್ತೆ. ಬಸ್ಸಿಗಿಂತ ಚಿಕ್ಕ ಗಾಡಿನೇ ಕ್ಷೇಮ."

ಅಧಿಕಾರಿ ನಾಚಿಕೊಂಡು ಒಪ್ಪಿಬಿಡಲಿಲ್ಲ. ಅವನು ಹೆಣ್ಣು ಕೊಡುವವನಾಗಿರಲಿಲ್ಲ. ಧನ್ಯವಾದ ಹೇಳಿ ಅದನ್ನೂ ಬರೆದುಕೊಂಡ. ಹಿಂದಿನ ಸಾಲಿನಿಂದ ಒಂದು ನಗು ಕೇಳಿತು. ಬೀಶ್ಯಾ ಕರವಸ್ತ್ರ ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಕಣ್ಣಿನಲ್ಲಿ ನೀರಿತ್ತು. ಅದು ಯಾವ ಬುಟ್ಟಿಯದೆಂದು ಮೇಷ್ಟ್ರಿಗೆ ತಿಳಿಯಲಿಲ್ಲ.

ಬಸ್ಸಿನ ಕೊನೆಯ ದಿನ ಆಯುವಾನ್ ಎಂದಿನಂತೆ ಕಾದ. ರಕ್ತ ನಿಂತು ಬೀಶ್ಯಾ ಬರುವಷ್ಟರಲ್ಲಿ ಬಾಗಿಲನ್ನು ಎರಡಲ್ಲ, ಐದಾರು ಸಲ ಒದ್ದಿದ್ದ. ಗುಡಿಯ ಮುಂದೆ ಬಸ್ಸು ನಿಂತಾಗ ಅವನು ಮುಂದಿನ ಸೀಟಿನ ಹೂವಿನ ದಿಂಬನ್ನು ತೆಗೆದು ಅವಳ ಕೈಗಿಟ್ಟ.

"ಇಟ್ಕೋ ಅಕ್ಕ. ಬಂದರಿನ ಬಸ್ಸಲ್ಲಿ ಎಲ್ಲರೂ ಗಟ್ಟಿಮುಟ್ಟು ಜನ."

"ಸಭೇಲಿ ನಿನ್ನ ಹೆಸರು ಬರ್ಲಿಲ್ಲ ಕಣಪ್ಪ," ಎಂದಳು ಬೀಶ್ಯಾ.

"ನೋಡಿದೆ, ಫೋನಲ್ಲಿ." ಅವನು ಮೇಷ್ಟ್ರ ಕಡೆ ನೋಡದೆ, ಕೆಂಪು ಉಗುಳನ್ನು ಕಾಗದದ ಲೋಟಕ್ಕೆ ಉಗಿದು, ಗೇರು ಹಾಕಿದ.

ಮನೆಯವರೆಗಿನ ಸಮತಟ್ಟು ದಾರಿಯಲ್ಲಿ ಮೇಷ್ಟ್ರು ಎರಡು ಸಲ ಕೆಮ್ಮಿದರು. ಸಭೆಯ ನಂತರ ಆ ವಿಷಯ ಇಬ್ಬರ ನಡುವೆ ಬಂದಿರಲಿಲ್ಲ. ಕೊನೆಗೆ, ಬೈಯುವುದಿದ್ದರೆ ಬೈದುಬಿಡು ಎಂದರು.

"ಊರಿಗೆ ಉಪಕಾರಿ, ಮನೆಗೆ ಮಾರಿ. ಸಾಕಾ?" ಎಂದಳು ಬೀಶ್ಯಾ. ಸ್ವಲ್ಪ ದೂರ ನಡೆದು, ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, "ಅದು ನೀವೇ ಬರೆದದ್ದು ಅಂತ ಅವತ್ತು ಓದಿದ ಕೂಡ್ಲೇ ಗೊತ್ತಾಯ್ತು ಮೇಷ್ಟ್ರೇ. ಆ ಮಳೇಲಿ ಕಂಬ ಹಿಡ್ಕೊಂಡು ನಿಂತಿದ್ದನ್ನ ಕಿಟಕಿಯಿಂದ ನೋಡಿದೋರು ಇನ್ಯಾರಿದ್ರು?"

"ಗೊತ್ತಿದ್ದೂ ಒಪ್ಪಿಗೆ ಒತ್ತಿದ್ಯಾ?"

"ಮದುವೆಯಾದಾಗಿಂದ ನೀವು ನನ್ನ ಮೇಲೆ ಬರ್ದಿದ್ದು ಅದೊಂದೇ," ಎಂದಳು. "ಒಪ್ಪಲ್ಲ ಅಂತ ಹೇಗೆ ಒತ್ತಲಿ?"

ಮುಂದಿನ ವಾರ ಕಾರು ಮೂರನೆಯ ಸಲ ಬಿಟ್ಟುಹೋಯಿತು. ಈಗ ಕೆಲ ಕಾಲ ಗಾಡಿಯಿಲ್ಲ. ಒಂದು ಟ್ಯಾಕ್ಸಿಯವನು ಕನಿಕರಪಟ್ಟು ಬೆಟ್ಟದ ಬುಡದ ಓಣಿಯವರೆಗೆ, ಎಂದರೆ ನಕ್ಷೆಯ ಪ್ರಕಾರ ಅವರ ಮನೆಬಾಗಿಲಿನವರೆಗೆ, ತಂದುಬಿಟ್ಟ. ಮೇಲೆ ಮೆಟ್ಟಿಲು ಮಳೆಯಲ್ಲಿ ಹೊಳೆಯುತ್ತಿತ್ತು. ಮಾವ ಅಂದು ಹೇಳಿದ ಮಾತು ಮೇಷ್ಟ್ರಿಗೆ ನೆನಪಾಯಿತು. ಅದಕ್ಕೆ ಒಪ್ಪಿ ತಲೆಯಾಡಿಸಿದ್ದು ತಾವೇ ಅಲ್ಲವೇ.

ಸ್ವಲ್ಪ ಹತ್ತಿದರು, ನಿಂತರು. ಮತ್ತೆ ಸ್ವಲ್ಪ ಹತ್ತಿದರು. ಬೀಶ್ಯಾಳ ತುಟಿ ಬಿಳಿಚಿಕೊಂಡಿತ್ತು. ಮೇಷ್ಟ್ರು ಬಗ್ಗಿ ಬೆನ್ನು ಕೊಟ್ಟರು. ನಿಮ್ಮ ಮಂಡಿ ಇದಕ್ಕೆ ವಿರೋಧ ಹೇಳುತ್ತೆ ಎಂದಳು ಅವಳು, ಆದರೂ ಹತ್ತಿಕೊಂಡಳು. ಒಂದು ಸುತ್ತಿನ ಮೆಟ್ಟಿಲನ್ನು ಅವಳನ್ನು ಹೊತ್ತು ಹತ್ತಿದರು. ಅದರ ಮೇಲೆ ಕಾಲು ಏಳಲಿಲ್ಲ. ತಿರುವಿನ ಕಟ್ಟೆಯ ಮೇಲೆ ಹೂವಿನ ದಿಂಬು ಹಾಕಿ ಅವಳನ್ನು ಕೂರಿಸಿ, ತಾವು ಒದ್ದೆ ಕಲ್ಲಿನ ಮೇಲೆ ಕೂತು ಕೊಡೆ ಹಿಡಿದರು. ಮೇಲೆ ಇನ್ನೂ ಅರ್ಧಕ್ಕಿಂತ ಹೆಚ್ಚು ಬೆಟ್ಟವಿತ್ತು, ಮತ್ತು ನಾಡಿದ್ದು ಮತ್ತೆ ಇಳಿಯಬೇಕಿತ್ತು.

ಕೋಟಿನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಮೇಷ್ಟ್ರು ತೆಗೆದು ನೋಡಿದರು.

"ಏನಂತೆ?" ಕಣ್ಣು ಮುಚ್ಚಿಕೊಂಡೇ ಕೇಳಿದಳು ಬೀಶ್ಯಾ.

"ಕೂಡುಮಾತಿಂದ. ನಮ್ಮ ಕೊಂಬೆಗೆ ಇನ್ಯಾರೋ ಒಬ್ರು ಒಪ್ಪಿದಾರಂತೆ."

"ಒಪ್ಪದೆ ಏನು ಮಾಡ್ತಾರೆ, ಅಷ್ಟು ಚೆನ್ನಾಗಿದೆ," ಎಂದಳು. ಗಂಡನ ಭುಜದ ಮೇಲೆ ಕೈಯೂರಿ, ಎದ್ದು ನಿಲ್ಲಲು ನೋಡಿದಳು. ಆಗಲಿಲ್ಲ, ಮತ್ತೆ ಕೂತಳು. ಮೇಷ್ಟ್ರು ಕೊಡೆಯನ್ನು ಪೂರ್ತಿ ಅವಳ ಕಡೆಗೆ ವಾಲಿಸಿದರು. ಅದಕ್ಕೆ ಎದುರು ವಾದ ಯಾವುದೂ ಅವರಿಗೆ ಹೊಳೆಯಲಿಲ್ಲ.